ಎರಡು ರಾಶಿ, ಎಪ್ಪತ್ತೆಂಟು ಕಾರ್ಡು

1

ನಮ್ಮನೇಲಿ ಪೇಪರ್ ಬಂದ ತಕ್ಷಣ ಅಪ್ಪ ಎರಡು ರಾಶಿ ನೋಡ್ತಾರೆ. ಮೊದಲು ಅಡಿಕೆ ಧಾರಣೆಯ ರಾಶಿ, ಆಮೇಲೆ ದಿನಭವಿಷ್ಯದ ರಾಶಿ. ಸಾಗರ, ತೀರ್ಥಹಳ್ಳಿ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ: ಅಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ ಬಗೆ ಇರುತ್ತೆ, ಒಂದೊಂದಕ್ಕೆ ಒಂದೊಂದು ರೇಟು. ಮೊದಲನೇ ರಾಶಿ ಏರಿದ ದಿನ ಎರಡನೇ ರಾಶೀಲಿ ಏನು ಬರೆದಿದ್ರೂ ಅಪ್ಪನಿಗೆ ನಡೆಯುತ್ತೆ. ಇಳಿದ ದಿನ ಮಾತ್ರ ಶನಿ ಎಲ್ಲಿದ್ದಾನೆ ಅಂತ ವಿಚಾರಣೆ ಶುರು.

ರಾಶಿ ಅನ್ನೋ ಪದಾನೇ ಇಸ್ಪೀಟು ಎಲೆ ಥರ, ತಿರುಗಿಸಿದ್ರೆ ಇನ್ನೊಂದು ಮುಖ. ಶಿರಸಿ ಕಡೆ ಹೋದ್ರೆ ರಾಶಿ ಅಂದ್ರೆ ತುಂಬಾ. ಊಟ ರಾಶಿ ಚಲೋ ಇತ್ತು ಅಂತಾರೆ. ಬಯಲುಸೀಮೆಯ ಕಣದಲ್ಲಿ ರಾಶಿ ಅಂದ್ರೆ ಕಾಳಿನ ಗುಡ್ಡೆ. ಆ ಗುಡ್ಡೆ ಅಳೆಯೋವಾಗ ಮೊದಲನೇ ಅಳತೆಗೆ ಒಂದು ಅನ್ನೋದಿಲ್ಲ, ಲಾಭ ಅಂತಾರೆ. ಲಾಭ, ಎರಡು, ಮೂರು, ನಾಲ್ಕು. ಬಿಕಾಂನ ಯಾವ ಪುಸ್ತಕದಲ್ಲೂ ಇಷ್ಟು ಧೈರ್ಯದ ಎಂಟ್ರಿ ನಾನು ನೋಡಿಲ್ಲ. ಖರ್ಚು ಬರೆದಿಲ್ಲ, ಸಾಲ ಕಳೆದಿಲ್ಲ, ಮೊದಲ ಸಾಲಿನಲ್ಲೇ ಲಾಭ! ಹಾಗಂದ ಮಾತ್ರಕ್ಕೆ ಕಾಳು ಒಂದು ಸೇರು ಜಾಸ್ತಿ ಆಗುತ್ತೆ ಅಂತ ಕಣದಲ್ಲಿ ನಿಂತವರು ಯಾರೂ ಅಂದುಕೊಂಡಿರಲ್ಲ. ಆದರೂ ಅಂತಾರೆ. ಅಂದಾಗ ಅಳೆಯೋ ಕೈಗೆ ಒಂದು ಹುರುಪು ಬರುತ್ತೆ.

ನನ್ನ ಟ್ಯಾರೋ ಕಾರ್ಡಿನ ಫೋಟೋ ನೋಡಿದವರೆಲ್ಲ ಕೇಳೋದು ಒಂದೇ. ನೀನು ಇದನ್ನೆಲ್ಲ ನಂಬ್ತೀಯಾ? ಇಲ್ಲ, ನಂಬಲ್ಲ. ಕಣದಲ್ಲಿ ಲಾಭ ಅಂತಾರಲ್ಲ, ಆ ಥರ ಎತ್ತುತೀನಿ. ಪೂರ್ತಿ ಉತ್ತರ ಒಂದು ಕ್ಯಾಪ್ಷನ್‌ಗೆ ಹಿಡಿಯಲ್ಲ, ಅದಕ್ಕೇ ತುಂಡು ತುಂಡು ಮಾಡಿ ಹಾಕ್ತಿದೀನಿ. ಚಾ ಇಟ್ಕೊಂಡು ಬನ್ನಿ.

2

ಟ್ಯಾರೋ ಅಂದ್ರೆ ರೀಲ್ಸ್‌ನಲ್ಲಿ ಕಾಣೋದು ಕಪ್ಪು ಬಟ್ಟೆ, ಮೇಣದಬತ್ತಿ, ಉದ್ದ ಉಗುರಿನ ಒಂದು ಕೈ, ಮತ್ತೆ "ನಿಮ್ಮ ಎಕ್ಸ್ ಈ ಕ್ಷಣ ನಿಮ್ಮನ್ನೇ ನೆನೀತಿದ್ದಾರೆ" ಅನ್ನೋ ಪಿಸುಮಾತು. ಅದು ಹುಟ್ಟಿದ ಮನೆ ಬೇರೇನೇ.

15ನೇ ಶತಮಾನದ ಉತ್ತರ ಇಟಲಿಯಲ್ಲಿ, ಮಿಲಾನಿನ ಡ್ಯೂಕ್‌ಗಳಂಥ ಶ್ರೀಮಂತರು ಚಿನ್ನದ ಬಣ್ಣ ಹಚ್ಚಿಸಿ ಬರೆಸಿಕೊಳ್ತಿದ್ದ ಇಸ್ಪೀಟು ಅದು. ಬರೀ ಆಟ. ತುರುಫು ಹಾಕೋದು, ಪಟ್ಟು ಗೆಲ್ಲೋದು, ಅಂಕ ಲೆಕ್ಕ ಹಾಕೋದು. ಮುನ್ನೂರಕ್ಕೂ ಹೆಚ್ಚು ವರ್ಷ ಅದು ಹಾಗೇ ನಡೀತು. 1781ರಲ್ಲಿ ಕೂರ್ ದ ಜೆಬೆಲಾ ಅನ್ನೋ ಫ್ರೆಂಚ್ ಪಂಡಿತ, ಇದು ಇಸ್ಪೀಟಲ್ಲ, ಪುರಾತನ ಈಜಿಪ್ಟಿನ ಗುಪ್ತಜ್ಞಾನ ಅಂತ ಬರೆದುಬಿಟ್ಟ. ಕೈಯಲ್ಲಿ ಆಧಾರ ಏನೂ ಇರಲಿಲ್ಲ, ಆಗ ಈಜಿಪ್ಟಿನ ಚಿತ್ರಲಿಪಿ ಓದೋಕೂ ಯಾರಿಗೂ ಬರ್ತಿರಲಿಲ್ಲ. ಆದರೆ ಕಥೆ ಚೆನ್ನಾಗಿತ್ತು, ಓಡಿತು. ಫ್ರಾನ್ಸಿನಲ್ಲಿ ಇವತ್ತಿಗೂ ಇದೇ ಕಾರ್ಡಿನ ಆಟವನ್ನ ಜನ ಮನೆಮನೇಲಿ ಆಡ್ತಾರೆ, ಭವಿಷ್ಯದ ಗೊಡವೆ ಇಲ್ಲದೆ.

ನಮಗೂ ಇದು ಹೊಸದಲ್ಲ. ಮೈಸೂರಿನ ಗಂಜೀಫಾ ನೋಡಿದ್ದೀರಾ? ದುಂಡನೆಯ ಎಲೆಗಳು. ದಶಾವತಾರ ಗಂಜೀಫಾದಲ್ಲಿ 120 ಎಲೆ, ಒಂದೊಂದು ಅವತಾರಕ್ಕೆ ಹನ್ನೆರಡು. ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಇಂಥ ಆಟಗಳನ್ನ ತಾವೇ ಕಟ್ಟಿ, ಶ್ರೀತತ್ತ್ವನಿಧಿಯಲ್ಲಿ ಬರೆಸಿಟ್ಟಿದ್ದಾರೆ. ಮತ್ಸ್ಯ, ಕೂರ್ಮ, ವರಾಹನ್ನ ಅಂಗೈಯಲ್ಲಿ ಹಿಡಿದು, ಬೇಕಾದಾಗ ಕೆಳಗೆ ಒಗೆದು ಆಟ ಆಡಿದ ಜನ ನಾವು. ದೇವರಿಗೆ ಕೋಪ ಬಂದ ಹಾಗೆ ಕಾಣಲ್ಲ.

ಟ್ಯಾರೋದಲ್ಲಿ 78 ಕಾರ್ಡು. 56 ನಮ್ಮ ಇಸ್ಪೀಟಿನ ದಾಯಾದಿಗಳು: ಕಪ್ಪು, ಕತ್ತಿ, ಕೋಲು, ನಾಣ್ಯ. ಉಳಿದ 22 ಪಾತ್ರಗಳು: ರಾಣಿ, ಸನ್ಯಾಸಿ, ಚಂದ್ರ, ಸಾವು, ಸಿಡಿಲು ಬಡಿದ ಗೋಪುರ. ಅವುಗಳಲ್ಲಿ ನಂಗೆ ಅತಿ ಇಷ್ಟದ್ದು ಸೊನ್ನೆ ನಂಬರಿನ ಮೂರ್ಖ. ಬಂಡೆಯ ಅಂಚಿನಲ್ಲಿ ಕಾಲಿಟ್ಟು ಆಕಾಶ ನೋಡ್ಕೊಂಡು ಹೊರಟಿರ್ತಾನೆ, ಪಕ್ಕದಲ್ಲೊಂದು ಬಿಳಿ ನಾಯಿ ಹಾರಾಡ್ತಿರುತ್ತೆ. ಫ್ರೆಂಚರ ಆಟದಲ್ಲಿ ಈ ಕಾರ್ಡಿಗೆ ಎಕ್ಸ್‌ಕ್ಯೂಸ್ ಅಂತ ಹೆಸರು. ಎಲ್ಲರೂ ಒಂದು ಜಾತಿಯ ಎಲೆ ಹಾಕಬೇಕಾದಾಗ ಇದನ್ನ ಹಾಕಿ ತಪ್ಪಿಸಿಕೊಳ್ಳಬಹುದು. ಸಾಧಾರಣವಾಗಿ ಪಟ್ಟು ಗೆಲ್ಲಲ್ಲ, ಆದರೆ ಆ ಒಂದು ಸಲ ನಿಯಮ ಇವನಿಗೆ ಅನ್ವಯಿಸಲ್ಲ.

ಯಕ್ಷಗಾನದವರಿಗೆ ಇವನು ಯಾರು ಅಂತ ತಕ್ಷಣ ಗೊತ್ತಾಗುತ್ತೆ. ಕೋಡಂಗಿ. ಪ್ರಸಂಗ ಶುರುವಾಗೋಕೆ ಮುಂಚೆ, ಜನ ಇನ್ನೂ ಚಾಪೆ ಹಾಸಿಕೊಳ್ತಿರೋವಾಗ, ರಂಗಕ್ಕೆ ಬರೋದು ಕೋಡಂಗಿ ವೇಷ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು ಕುಣಿತ ಕಲಿಯೋದೇ ಅಲ್ಲಿ. ತಾಳ ತಪ್ಪಿದ್ರೂ ಯಾರೂ ಬೈಯಲ್ಲ, ಕೋಡಂಗಿ ತಾನೇ. ಮುಂದೆ ಕೃಷ್ಣ ಆಗೋನೂ ಅಲ್ಲಿಂದಲೇ ಬರಬೇಕು, ರಾವಣ ಆಗೋನೂ ಅಲ್ಲಿಂದಲೇ.

3

ಈ ಫೋಟೋದಲ್ಲಿರೋದು ನಮ್ಮ ಹಾಸ್ಟೆಲ್ ರೂಮಿನ ಗೋಡೆ. ಟೇಪ್ ಹಚ್ಚಿರೋ ಕಾರ್ಡುಗಳ ಕೆಳಗೆ ಚೀಟಿ ಬರೆದಿರೋದು ನಾನು. ಓದೋಕೆ ಆಗ್ತಿಲ್ಲ ಅಂದವರಿಗೆ:

ಸಮುದ್ರ ಉಕ್ಕುತ್ತಿರೋವಾಗ ಎರಡು ನಾಣ್ಯ ಹಿಡ್ಕೊಂಡು ಕುಣೀತಿರೋನು ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್. ತಲೆ ಮೇಲೊಂದು, ಎದೆಗೊಂದು, ಕಾಲಡಿ ಎರಡು ನಾಣ್ಯ ಒತ್ತಿಟ್ಕೊಂಡು ಅಲ್ಲಾಡದೆ ಕೂತಿರೋನು ಫಿಕ್ಸೆಡ್ ಡೆಪಾಸಿಟ್. ಒಂದು ಬಟ್ಟಲಿಂದ ಇನ್ನೊಂದಕ್ಕೆ ನೀರು ಹೊಯ್ತಿರೋ ದೇವತೆ ಅಡ್ಜಸ್ಟ್‌ಮೆಂಟ್ ಎಂಟ್ರಿ. ಒಂದು ಕಾಲಿಗೆ ಹಗ್ಗ ಬಿಗಿದು ತಲೆಕೆಳಗಾಗಿ ನೇತಾಡ್ತಿರೋನು ಸಸ್ಪೆನ್ಸ್ ಅಕೌಂಟ್. ಬಿಕಾಂ ಓದದವರಿಗೆ ಒಂದು ಮಾತು: ಟ್ರಯಲ್ ಬ್ಯಾಲೆನ್ಸ್‌ನ ಎರಡು ಕಡೆ ತಾಳೆ ಆಗದಿದ್ರೆ, ವ್ಯತ್ಯಾಸದ ದುಡ್ಡನ್ನ ತಾತ್ಕಾಲಿಕವಾಗಿ ಒಂದು ಖಾತೇಲಿ ನೇತುಹಾಕಿ ಇಡ್ತೀವಿ, ಎಲ್ಲಿ ಏನಾಗಿದೆ ಅಂತ ಗೊತ್ತಾಗೋ ತನಕ. ಕಾರ್ಡಿನಲ್ಲಿ ನೇತಾಡ್ತಿರೋನ ಮುಖ ನೋಡಿ, ಎಷ್ಟು ಶಾಂತ. ಅವನಿಗೆ ಗೊತ್ತು, ಲೆಕ್ಕ ಸಿಗುತ್ತೆ, ಸಮಯ ಬೇಕು ಅಷ್ಟೇ.

ಗ್ರಹಗಳಿಗೂ ಹೀಗೇ ಹುದ್ದೆ ಹಂಚಿದೀವಿ. ಬುಧ ವ್ಯಾಪಾರದ ಗ್ರಹ ಅಂತಾರಲ್ಲ, ಹಾಗಾಗಿ ಅವನು ನಮ್ಮ ಡಿಪಾರ್ಟ್‌ಮೆಂಟು. ಶನಿ ಆಡಿಟರ್. ಒಂದು ರಾಶೀಲಿ ಎರಡೂವರೆ ವರ್ಷ ಕೂತು ಹಳೇ ವೋಚರ್ ಎಲ್ಲ ಕೇಳ್ತಾನೆ. ಹಿಂದಿನ ಮನೆ, ನಿಮ್ಮ ಮನೆ, ಮುಂದಿನ ಮನೆ ಸೇರಿ ಏಳೂವರೆ ವರ್ಷ. ಶನೀಶ್ವರ ಮಹಾತ್ಮೆ ಪ್ರಸಂಗ ನೋಡಿ ಬೆಳೆದ ನಂಗೆ ಅವನ ಮೇಲೆ ಭಯಕ್ಕಿಂತ ಒಂಥರಾ ಸಲಿಗೆ ಜಾಸ್ತಿ. ಕಾಟ ಕೊಡೋದು ಕೊಟ್ಟ, ಆದರೆ ಕೊನೇಲಿ ವಿಕ್ರಮಾದಿತ್ಯನಿಗೆ ಎಲ್ಲ ವಾಪಸ್ ಮಾಡಿ ಹೋದ.

ಆಟ ಹೀಗಿದೆ. ಬೆಳಿಗ್ಗೆ ಒಂದು ಕಾರ್ಡು ಎತ್ತೋದು. ಇವತ್ತು ಏನಾಗುತ್ತೆ ಅಂತ ಕೇಳೋ ಹಾಗಿಲ್ಲ. ಇವತ್ತು ಈ ವೇಷ ಹಾಕಿದ್ರೆ ಹೇಗೆ ನಡೀತೀನಿ, ಅಷ್ಟೇ ಪ್ರಶ್ನೆ. ಯೂಂಗ್ ಎಂಬ ಮನೋವಿಜ್ಞಾನಿ ಆರ್ಕಿಟೈಪ್ ಅಂತ ದೊಡ್ಡ ಹೆಸರಿಟ್ಟ, ಎಲ್ಲ ಜನರ ಕಥೆಗಳಲ್ಲೂ ಮತ್ತೆ ಮತ್ತೆ ಬರೋ ಮೂಲ ಪಾತ್ರಗಳು ಅಂತ. ನಮ್ಮಲ್ಲಿ ರಾಜವೇಷ, ಪುಂಡುವೇಷ, ಸ್ತ್ರೀವೇಷ, ಬಣ್ಣದ ವೇಷ ಅಂದ್ರೆ ಕೆಲಸ ಮುಗೀತು.

ನನ್ನ ರೂಮ್‌ಮೇಟ್ ಮಾತಾಡೋಕೇ ಹೆದರೋಳು. ಹಿಂದಿನ ವರ್ಷ ಅವಳಿದ್ದ ಪಿಜಿಯವರು ಅಡ್ವಾನ್ಸ್ ವಾಪಸ್ ಕೊಡದೆ ತಿಂಗಳುಗಟ್ಟಲೆ ಓಡಾಡಿಸ್ತಿದ್ರು. ಒಂದು ದಿನ ಅವಳಿಗೆ ಕತ್ತಿಯ ರಾಣಿ ಬಂತು. ಸಿಂಹಾಸನದ ಮೇಲೆ ನೆಟ್ಟಗೆ ಕೂತು, ಒಂದು ಕೈಯಲ್ಲಿ ಕತ್ತಿ ಹಿಡಿದು, ಇನ್ನೊಂದು ಕೈ ಮುಂದೆ ಚಾಚಿದ್ದಾಳೆ. "ನೋಡೇ, ಇವಳೂ ಅಡ್ವಾನ್ಸ್ ಕೇಳ್ತಿದ್ದಾಳೆ" ಅಂದೆ. ಅವತ್ತು ಸಂಜೆ ಇವಳು ಬೆನ್ನು ನೆಟ್ಟಗೆ ಮಾಡ್ಕೊಂಡು ಹೋದ್ಲು. ಆ ಹೆಂಗಸು ಮಾತಾಡಿ ಮುಗಿಸೋ ತನಕ ಏನೂ ಅನ್ನದೆ ಬರೀ ಕೈ ಚಾಚಿ ನಿಂತಳಂತೆ. ಪೂರ್ತಿ ಸಿಗಲಿಲ್ಲ, ಪೇಂಟಿಂಗ್ ಖರ್ಚು ಅಂತ ಒಂದಿಷ್ಟು ಹಿಡಿದುಕೊಂಡ್ರು. ಬಂದ ದುಡ್ಡಲ್ಲಿ ನಮಗೆಲ್ಲ ಮಸಾಲೆ ದೋಸೆ ಆಯ್ತು.

ಇದರಲ್ಲಿ ಮಂತ್ರ ಎಲ್ಲಿದೆ? ಮಾತಾಡೋಕೆ ಹೆದರೋ ಹುಡುಗಿ ಅವಳೇ ಆಗಿ ಹೋಗಿದ್ರೆ ಬಾಗಿಲಲ್ಲೇ ಸಾರಿ ಆಂಟಿ ಅಂದು ವಾಪಸ್ ಬರ್ತಿದ್ಲು. ಅವತ್ತು ರಾಣಿ ಹೋಗಿದ್ದಳು.

4

ಈ ಕಾರ್ಡುಗಳ ಮೂಲೇಲಿ ಬಳ್ಳಿ ಸುತ್ತಿದ ಹಾಗೆ ಒಂದು ಸಹಿ ಇದೆ, ಝೂಮ್ ಮಾಡಿ ನೋಡಿ. ಪಮೇಲಾ ಕೋಲ್ಮನ್ ಸ್ಮಿತ್. 1878ರಲ್ಲಿ ಲಂಡನ್ನಿನಲ್ಲಿ ಹುಟ್ಟಿದಳು, ಒಂದಷ್ಟು ವರ್ಷ ಜಮೈಕಾದಲ್ಲಿ ಬೆಳೆದಳು, ಅಲ್ಲಿನ ಜಾನಪದ ಕಥೆಗಳನ್ನ ಆಮೇಲೆ ಲಂಡನ್ನಿನ ಜನರೆದುರು ಹೇಳ್ತಿದ್ದಳು. ನಾಟಕ ಕಂಪನಿ ಜೊತೆ ತಿರುಗಿದವಳು. ಅದು ಚಿತ್ರಗಳಲ್ಲೇ ಕಾಣುತ್ತೆ. ಎಷ್ಟೋ ಕಾರ್ಡುಗಳಲ್ಲಿ ನೆಲ ಅಂದ್ರೆ ರಂಗದ ಹಲಗೆ, ಹಿಂದೆ ಪರದೆ, ಮುಂದೆ ಒಬ್ಬರು ಪಾತ್ರ ಹಾಕಿ ನಿಂತಿದ್ದಾರೆ.

1909ರಲ್ಲಿ ವೇಟ್ ಅನ್ನೋ ಬರಹಗಾರನಿಗಾಗಿ ಇಡೀ ಡೆಕ್ ಬರೆದುಕೊಟ್ಟಳು. ಅದಕ್ಕೂ ಮುಂಚಿನ ಬಹುಪಾಲು ಡೆಕ್‌ಗಳಲ್ಲಿ ಸಣ್ಣ ಕಾರ್ಡುಗಳ ಮೇಲೆ ಬರೀ ಎಂಟು ಕಪ್ಪು, ಐದು ಕೋಲು ಅಂತ ಎಣಿಕೆ ಇರ್ತಿತ್ತು. ಇವಳು ಪ್ರತಿಯೊಂದಕ್ಕೂ ಒಂದು ದೃಶ್ಯ ಕೊಟ್ಟಳು, ಮನುಷ್ಯರನ್ನ ಇಟ್ಟಳು. ದೊಡ್ಡ ಕೆಲಸ, ಸಿಕ್ಕಿದ್ದು ಚೂರು ದುಡ್ಡು ಅಂತ ಅವಳೇ ಒಂದು ಪತ್ರದಲ್ಲಿ ಗೆಳೆಯನಿಗೆ ಬರೆದುಕೊಂಡಿದ್ದಾಳೆ. ರಾಯಲ್ಟಿ ಇಲ್ಲ. ಡೆಕ್ ಬಹಳ ಕಾಲ ರೈಡರ್-ವೇಟ್ ಅಂತಲೇ ಮಾರಾಟ ಆಯ್ತು, ಅಂದ್ರೆ ಪ್ರಕಾಶಕನ ಹೆಸರು ಮತ್ತೆ ಬರೆಸಿದವನ ಹೆಸರು. 1951ರಲ್ಲಿ ಸಾಲದಲ್ಲೇ ತೀರಿಕೊಂಡಳು.

ಭವಿಷ್ಯ ಹೇಳೋ ಡೆಕ್ ಬರೆದವಳಿಗೆ ಅವಳ ಭವಿಷ್ಯ ಕಾಣಲಿಲ್ವಾ ಅಂತ ಜೋಕ್ ಮಾಡೋರಿದ್ದಾರೆ. ನಂಗೆ ನಗು ಬರಲ್ಲ. ಕಾಂಟ್ರ್ಯಾಕ್ಟ್ ಓದೋಕೆ ಹೇಳಿಕೊಡೋರು ಇರಲಿಲ್ಲ ಅಷ್ಟೇ. ನಾನು ಬಿಸಿನೆಸ್ ಲಾ ಪೇಪರ್ ಮನಸ್ಸಿಟ್ಟು ಓದಿದ್ದಕ್ಕೆ ಅವಳೂ ಒಂದು ಕಾರಣ.

5

ಲೆಕ್ಕದ ಕಡೆ ಬರೋಣ. 1948ರಲ್ಲಿ ಅಮೆರಿಕದ ಬರ್ಟ್ರಮ್ ಫೋರರ್ ಅನ್ನೋ ಮೇಷ್ಟ್ರು 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವದ ಟೆಸ್ಟ್ ಕೊಟ್ಟು, ನಿಮ್ಮ ನಿಮ್ಮ ಫಲಿತಾಂಶ ಅಂತ ಒಂದೊಂದು ಹಾಳೆ ಹಂಚಿದ್ರು. ಎಷ್ಟು ಸರಿ ಇದೆ ಅಂತ ಐದಕ್ಕೆ ಅಂಕ ಕೊಡಿ ಅಂದ್ರು. ಸರಾಸರಿ 4.26 ಬಂತು. ಆಮೇಲೆ ನೋಡಿದ್ರೆ ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ಹಾಳೆ, ಬಹುಪಾಲು ಪೇಟೇಲಿ ಸಿಗೋ ಒಂದು ಜ್ಯೋತಿಷ್ಯ ಪುಸ್ತಕದಿಂದ ಎತ್ತಿದ ಸಾಲುಗಳು.

ನಮ್ಮ ದೇಶದ್ದೇ ಇನ್ನೊಂದು. ಜಯಂತ ನಾರ್ಳೀಕರ್ ಮತ್ತೆ ಜೊತೆಗಾರರು ಮಹಾರಾಷ್ಟ್ರದಲ್ಲಿ ಮಾಡಿದ ಪರೀಕ್ಷೆ, 2009ರಲ್ಲಿ ಪ್ರಕಟವಾಯ್ತು. 27 ಜ್ಯೋತಿಷಿಗಳಿಗೆ ತಲಾ 40 ಜಾತಕ ಕೊಟ್ಟು, ಇವರಲ್ಲಿ ತುಂಬಾ ಜಾಣ ಮಕ್ಕಳು ಯಾರು, ಬುದ್ಧಿಮಾಂದ್ಯ ಮಕ್ಕಳು ಯಾರು ಅಂತ ಕೇಳಿದ್ರು. ಸರಿಯುತ್ತರ ಶೇಕಡಾ 46. ನಾಣ್ಯ ಚಿಮ್ಮಿದ್ರೂ 50ರ ಹತ್ತಿರ ಬರಬೇಕು.

ಹಾಗಾಗಿ ಭವಿಷ್ಯದ ಮಾತು ನನ್ನ ಪಾಲಿಗೆ ಮುಗಿದಿದೆ. ಆದರೂ ಕಾರ್ಡು ಬಿಸಾಕಿಲ್ಲ, ಯಾಕಂದ್ರೆ ಸುಳ್ಳಾದದ್ದು ಭವಿಷ್ಯ, ಪಾತ್ರಗಳಲ್ಲ. ನಮ್ಮ ಹಿರಿಯರಿಗೂ ಇದು ಗೊತ್ತಿತ್ತು ಅನ್ಸುತ್ತೆ. 1942ರಲ್ಲಿ ಕನ್ನಡದಲ್ಲಿ ಒಂದು ನಗೆಪತ್ರಿಕೆ ಶುರುವಾಯ್ತು, ಅದಕ್ಕೆ ಇಟ್ಟ ಹೆಸರು ಕೊರವಂಜಿ, ಕಣಿ ಹೇಳೋಳು. ಅದನ್ನ ನಡೆಸಿದ ಡಾಕ್ಟರ್ ಎಂ. ಶಿವರಾಂ ಅವರ ಕಾವ್ಯನಾಮ ರಾಶಿ. ಕಣಿಯವಳ ಬುಟ್ಟಿ ಇಸ್ಕೊಂಡು ಭವಿಷ್ಯ ಚೆಲ್ಲಿ ನಗು ತುಂಬಿಸಿಕೊಟ್ರು ನೋಡಿ.

ಆಟ ಆಟವಾಗೇ ಇರಬೇಕಂದ್ರೆ ಬೇಲಿ ಬೇಕು. ನಮ್ಮ ರೂಮಲ್ಲಿ ಹೌದು-ಇಲ್ಲ ಪ್ರಶ್ನೆ ಕೇಳೋ ಹಾಗಿಲ್ಲ. ಎದುರಿಗೆ ಇಲ್ಲದೇ ಇರೋರ ಬಗ್ಗೆ ಕಾರ್ಡು ಎತ್ತೋ ಹಾಗಿಲ್ಲ. ದುಡ್ಡು ಮುಟ್ಟೋ ಹಾಗಿಲ್ಲ. ಸೆಮಿಸ್ಟರ್ ಹತ್ತಿರ ಬಂದಾಗ ಪಕ್ಕದ ರೂಮಿನವಳು ಬಾಗಿಲಲ್ಲಿ ನಿಂತು "ಕಾಸ್ಟಿಂಗ್ ಪಾಸಾಗ್ತೀನಾ, ಒಂದೇ ಒಂದು ಕಾರ್ಡು" ಅಂದ್ಲು. ಅವಳ ಕಣ್ಣಲ್ಲಿ ನಿಜವಾದ ಹೆದರಿಕೆ ಇತ್ತು. ಡೆಕ್ ಡಬ್ಬಿಗೆ ಹಾಕಿ ಪುಸ್ತಕ ತೆಗೆದೆ. ಹೆದರಿದವರ ಕೈಗೆ ಕಾರ್ಡು ಕೊಟ್ರೆ ಅದು ಆ ಕ್ಷಣಕ್ಕೇ ಜಾತಕ ಆಗಿಬಿಡುತ್ತೆ.

ಜಾತಕ ಅಂದ್ರೆ ಏನು ಅಂತ ನಮ್ಮನೇಲಿ ನೋಡಿದೀನಿ.

6

ನಮ್ಮಕ್ಕಂದು ಮೂಲಾ ನಕ್ಷತ್ರ.

ಇಷ್ಟು ಬರೆದ್ರೆ ಅರ್ಧ ಜನಕ್ಕೆ ಮುಂದಿಂದು ಗೊತ್ತಾಯ್ತು. ಮೂಲಾ ನಕ್ಷತ್ರದ ಸೊಸೆ ಬಂದ್ರೆ ಮಾವನಿಗೆ ಆಗಲ್ಲ. ಆಶ್ಲೇಷ ಆದ್ರೆ ಅತ್ತೆಗೆ. ಜ್ಯೇಷ್ಠ ಆದ್ರೆ ಭಾವನಿಗೆ, ವಿಶಾಖ ಆದ್ರೆ ಮೈದುನನಿಗೆ. ಇಡೀ ಗಂಡನ ಮನೆಗೆ ಒಬ್ಬೊಬ್ಬರಿಗೆ ಒಂದೊಂದು ನಕ್ಷತ್ರ ಹಂಚಿಟ್ಟಿದ್ದಾರೆ. ಅಳಿಯನ ನಕ್ಷತ್ರದಿಂದ ಯಾರಿಗೆ ಏನಾಗುತ್ತೆ ಅಂತ ಕೇಳಿದ್ರೆ ಮಾತ್ರ ಆ ಪುಟ ಯಾರಿಗೂ ಸಿಗಲ್ಲ.

ಚಂದ್ರ ಒಂದೊಂದು ನಕ್ಷತ್ರದಲ್ಲಿ ಹೆಚ್ಚುಕಮ್ಮಿ ಒಂದು ದಿನ ಇರ್ತಾನೆ. ಆ ದಿನ ಭೂಮಿ ಮೇಲೆ ಹುಟ್ಟಿದ ಎಲ್ಲ ಮಕ್ಕಳದೂ ಅದೇ ನಕ್ಷತ್ರ. 27ರಲ್ಲಿ ಒಂದು ಪಾಲು ಅಂದ್ರೆ ಈಗ ಬದುಕಿರೋ ಜನರಲ್ಲಿ ಸುಮಾರು 30 ಕೋಟಿ ಮೂಲಾದವರು, ಅರ್ಧ ಹೆಂಗಸರು ಅಂದ್ರೂ 15 ಕೋಟಿ. ಅಷ್ಟು ಮಾವಂದಿರು ಒಟ್ಟಿಗೆ ಸಾಯ್ತಿದ್ರೆ ಇನ್ಶೂರೆನ್ಸ್ ಕಂಪನಿಗಳು ಮೊದಲು ಪಂಚಾಂಗ ತರಿಸ್ತಿದ್ದವು. ಈ ಲೆಕ್ಕ ಅಪ್ಪನೆದುರು ಒಮ್ಮೆ ಹೇಳಿದೆ. ಅಪ್ಪ ನಕ್ಕರು. ನಕ್ಕು, ಜಾತಕದ ಜೆರಾಕ್ಸ್ ಇನ್ನೊಬ್ಬರಿಗೆ ಕಳಿಸಿದ್ರು.

ಅಪ್ಪ ಕೆಟ್ಟವರಲ್ಲ. ಅವಳು ಹುಟ್ಟಿದಾಗ ಯೇ, ಯೋ, ಭಾ, ಭೀ ಅಕ್ಷರದಲ್ಲಿ ಹೆಸರಿಡಿ ಅಂದ್ರಂತೆ, ಅವು ಮೂಲಾದ ಅಕ್ಷರ. ಹೆಸರು ಕೇಳಿದ ತಕ್ಷಣ ನಕ್ಷತ್ರ ಹಿಡಿದುಬಿಡ್ತಾರೆ ಅಂತ ಅಪ್ಪ ಬೇಕಂತಲೇ ಬೇರೆ ಅಕ್ಷರದ ಹೆಸರು ಇಟ್ಟರು. ಇಪ್ಪತ್ತೆಂಟು ವರ್ಷದ ಹಿಂದೆ, ತೊಟ್ಟಿಲ ಹತ್ತಿರ ನಿಂತು ಅವರಿಗೆ ಮೊದಲು ಬಂದ ಯೋಚನೆ ಅದು. ನೆನಸಿಕೊಂಡ್ರೆ ಹೊಟ್ಟೇಲಿ ಒಂಥರಾ ಆಗುತ್ತೆ.

ನಾಲ್ಕು ವರ್ಷದಲ್ಲಿ ಆರು ಕಡೆಯವರು ಬಂದ್ರು. ಕಾಫಿ ಕುಡಿದ್ರು, ಹುಡುಗಿ ಲಕ್ಷಣವಾಗಿದ್ದಾಳೆ ಅಂದ್ರು, ಆಮೇಲೆ ಫೋನ್ ಬರಲಿಲ್ಲ ಅಥವಾ ಬಂತು. ಮೊದಲನೇ ಪಾದ ಆದ್ರೆ ಮಾತ್ರ ದೋಷ ಅಂತ ಒಬ್ಬ ಜೋಯಿಸರು, ಯಾವ ಪಾದ ಆದ್ರೂ ದೋಷವೇ ಅಂತ ಇನ್ನೊಬ್ಬರು. ಸಂಬಂಧ ತೋರಿಸೋರೊಬ್ಬರು ಜಗಲೀಲಿ ಕೂತು, ಎಲೆಗೆ ಸುಣ್ಣ ಹಚ್ಚುತ್ತಾ, ಸುಲಭದ ದಾರಿ ಹೇಳಿದ್ರು: ತಂದೆ ತೀರಿಕೊಂಡಿರೋ ಹುಡುಗನ್ನೇ ನೋಡೋಣ, ಆಗ ತೊಂದರೇನೇ ಇಲ್ವಲ್ಲ. ಒಳಗೆ ಅಕ್ಕ ಲೋಟ ತೊಳೀತಿದ್ಲು. ಅವಳು ಸಾಗರದ ಒಂದು ಲ್ಯಾಬಲ್ಲಿ ಟೆಕ್ನಿಷಿಯನ್. ದಿನಾ ಎಷ್ಟೋ ಜನರ ರಕ್ತದಲ್ಲಿ ಏನಿದೆ ಅಂತ ನೋಡಿ ಹೇಳೋಳ ಬಗ್ಗೆ, ಅವಳ ರಕ್ತದಲ್ಲಿ ಏನಿದೆ ಅಂತ ಹೇಳೋಕೆ ಪಂಚಾಂಗ ಬೇಕಾಯ್ತು.

ಅವಳು ಒಂದು ಮಾತೂ ಆಡಲಿಲ್ಲ. ಅವತ್ತು ಅಂತಲ್ಲ, ನಾಲ್ಕು ವರ್ಷವೂ.

7

ಹೋದ ಮೇ ರಜೇಲಿ ಒಂದು ರಾತ್ರಿ ಕರೆಂಟ್ ಹೋಗಿತ್ತು. ಜಗಲೀಲಿ ಎಮರ್ಜೆನ್ಸಿ ಲೈಟ್ ಇಟ್ಕೊಂಡು ನಾನು, ಅಕ್ಕ ಕೂತಿದ್ವಿ. ಅವಳಿಗೆ ಕಾರ್ಡು ತೋರಿಸಿರಲೇ ಇಲ್ಲ, ಮನೇಲಿ ಆಗಲೇ ಬೇಕಾದಷ್ಟು ಭವಿಷ್ಯ ಇದೆ ಅಂತ. ಅವಳೇ ಕೇಳಿದ್ಲು, ಎಲ್ಲಿ ನಿನ್ನ ಇಸ್ಪೀಟು, ತಾ.

ಎತ್ತಿದ್ದು ಕಪ್ಪಿನ ಎಂಟು. ಕೆಂಪು ಬಟ್ಟೆ ಹೊದ್ದ ಒಬ್ಬರು ನಮಗೆ ಬೆನ್ನು ಹಾಕಿ, ಕೋಲು ಊರಿಕೊಂಡು ಗುಡ್ಡದ ಕಡೆ ಹೊರಟಿದ್ದಾರೆ. ಮೇಲೆ ಚಂದ್ರ. ಮುಂದುಗಡೆ ಎಂಟು ಕಪ್ಪು ಜೋಡಿಸಿಟ್ಟಿದೆ. ಪುಸ್ತಕದಲ್ಲಿ ಇದಕ್ಕೆ ಏನು ಅರ್ಥ ಬರೆದಿದೆ ಅಂತ ನಂಗೆ ಗೊತ್ತಿತ್ತು, ಹೇಳಲಿಲ್ಲ. ಯಾರಿವರು, ನೀನೇ ಹೇಳು ಅಂದೆ.

ಅಕ್ಕ ಕಾರ್ಡನ್ನ ಲೈಟಿನ ಹತ್ತಿರ ಹಿಡಿದು, ಸ್ಲೈಡ್ ನೋಡೋ ಹಾಗೆ ನೋಡಿದ್ಲು.

"ಜೋಡಿಸಿರೋದು ಸರಿ ಇಲ್ಲ. ಕೆಳಗೆ ಐದು, ಮೇಲೆ ಮೂರು. ಮೇಲಿನ ಸಾಲಲ್ಲಿ ನಡುವೆ ಜಾಗ ಬಿಟ್ಟಿದ್ದಾರೆ ನೋಡು."

ಅಷ್ಟು ತಿಂಗಳಿಂದ ಆ ಕಾರ್ಡು ನನ್ನ ಹತ್ತಿರ ಇತ್ತು, ಆ ಖಾಲಿ ಜಾಗ ನಾನು ನೋಡೇ ಇರಲಿಲ್ಲ.

"ಇವಳು ಹೆಣ್ಣು" ಅಂದ್ಲು ಅಕ್ಕ. "ಬಂದವರಿಗೆಲ್ಲ ಕಾಫಿ ಕೊಟ್ಟಾಯ್ತು. ಲೋಟ ತೊಳೆದು ಕವುಚಿಡೋಕೂ ನಿಲ್ಲದೆ ಹೊರಟಿದ್ದಾಳೆ." ಸ್ವಲ್ಪ ಹೊತ್ತು ಬಿಟ್ಟು ನಕ್ಕಳು. "ಎಂಟು ಸಲ. ಪಾಪ. ನಂದು ಆರೇ."

ನಾನೂ ನಕ್ಕೆ. ಆಮೇಲೆ ಕೇಳಿದೆ, ಎಲ್ಲಿಗೆ ಹೊರಟಿದ್ದಾಳೆ?

ಬಹಳ ಹೊತ್ತು ಮಾತಿಲ್ಲ. ಜೀರುಂಡೆ ಸದ್ದು. ಆಮೇಲೆ ಕಾರ್ಡು ನೋಡ್ಕೊಂಡೇ ಹೇಳಿದ್ಲು: "ಅವಳಿಗೆ ಮದುವೆ ಬೇಡ ಅಂತಲ್ಲ. ಜಾತಕ ಕೊಟ್ಟು ಕಾಯೋದು ಬೇಡ. ಅವಳು ಮಂಗಳೂರಿಗೆ ಹೋಗಿ ಮುಂದೆ ಓದಬೇಕು ಅಂತಿದ್ಲು, ಎರಡು ವರ್ಷದ ಹಿಂದೇನೇ. ಸಂಬಂಧ ಬಂದಾಗ ಮನೇಲಿ ಇರಬೇಕಲ್ಲ ಅಂತ ಅಪ್ಲಿಕೇಶನ್ ಹಾಕಲಿಲ್ಲ. ಅವಳಿಗೆ ಸಾಕಾಗಿದೆ ಕಣೇ."

ಇದನ್ನ ಎಷ್ಟು ಸಲ ಮನಸಲ್ಲಿ ತಿರುಗಿಸಿ ನೋಡಿದೀನೋ. ನಾಲ್ಕು ವರ್ಷ "ನಂಗೆ" ಅಂತ ಶುರು ಮಾಡೋಕೆ ಆಗದ ಮಾತು "ಅವಳಿಗೆ" ಅಂತ ಶುರು ಮಾಡಿದ ತಕ್ಷಣ ಬಂತು. ನಂಗೆ ಅಂದ್ರೆ ಅಪ್ಪನ ಮೇಲೆ ದೂರು. ಅವಳಿಗೆ ಅಂದ್ರೆ ಕೆಂಪು ಬಟ್ಟೆ ಹೊದ್ದ ಯಾರೋ ಹೆಂಗಸಿನ ಕಥೆ, ಅದನ್ನ ಹೇಳೋಕೆ ಯಾರ ಅಪ್ಪಣೇನೂ ಬೇಡ. ವೇಷ ಕಟ್ಟಿದವನು ಚೌಕಿಯಲ್ಲಿ ಮುಖಕ್ಕೆ ಬಣ್ಣ ಬಿದ್ದ ಮೇಲೆ ಬೇರೆ ಧ್ವನೀಲಿ ಮಾತಾಡ್ತಾನಲ್ಲ, ಹಾಗೆ.

ಈ ತುಂಡಿನ ಡ್ರಾಫ್ಟ್ ಓದಿದ ಗೆಳತಿಯೊಬ್ಬಳು ಕೇಳಿದ್ಲು: ಯಾವ ಭಾಷೆ ನಿಮ್ಮಕ್ಕನ್ನ ಕಟ್ಟಿಹಾಕ್ತೋ ಅದರಲ್ಲೇ ಆಟ ಆಡ್ತೀಯಲ್ಲ, ಸರೀನಾ? ನ್ಯಾಯವಾದ ಪ್ರಶ್ನೆ. ಜಾತಕವೂ ಎತ್ತಿದ ಕಾರ್ಡೇ. ಹುಟ್ಟಿದ ನಿಮಿಷಕ್ಕೆ ಒಮ್ಮೆ ಎತ್ತಿಬಿಡ್ತಾರೆ, ಎತ್ತೋ ಕೈ ನಮ್ಮದಲ್ಲ, ಚಿತ್ರ ನೋಡಿ ಕಥೆ ಹೇಳೋ ಬಾಯೂ ನಮ್ಮದಲ್ಲ, ಮತ್ತೆ ಕಲಸೋಕೆ ಬಿಡಲ್ಲ. ಜಗಲೀಲಿ ಆ ರಾತ್ರಿ ಕಥೆ ಹೇಳಿದ್ದು ಅಕ್ಕ. ಹೇಳಿ ಮುಗಿದ ಮೇಲೆ ಕಾರ್ಡು ವಾಪಸ್ ಡೆಕ್ಕಿಗೆ ಹಾಕಿ ಕಲಸಿದ್ವಿ, ಅದು ಬರೀ ರಟ್ಟಿನ ಚೂರು ಆಯ್ತು.

8

ಎರಡು ದಿನ ಬಿಟ್ಟು ಅಕ್ಕ ಅಪ್ಪನಿಗೆ ಹೇಳಿದ್ಲು, ಈ ಸಲ ಅವಳಿಗೆ ಅಂತಲ್ಲ, ನಂಗೆ ಅಂತಲೇ. ಇನ್ನು ಜಾತಕ ಯಾರಿಗೂ ಕಳಿಸಬೇಡಿ. ಜುಲೈಗೆ ಮಂಗಳೂರಿಗೆ ಅಪ್ಲಿಕೇಶನ್ ಹಾಕ್ತೀನಿ. ಕಾರ್ಡಿನ ವಿಷಯ ಎತ್ತಲಿಲ್ಲ, ಎತ್ತೋ ಅಗತ್ಯವೂ ಇರಲಿಲ್ಲ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೂರು ದಿನ ಪೇಪರಿನಲ್ಲಿ ಅಡಿಕೆ ರಾಶಿ ಮಾತ್ರ ಓದಿದ್ರು. ಜಾತಕದ ಫೈಲು ಬೀರುವಿನಲ್ಲೇ ಇದೆ, ಹರಿದು ಹಾಕಿಲ್ಲ. ಜೆರಾಕ್ಸ್ ಅಂಗಡಿಗೂ ಹೋಗಿಲ್ಲ. ಅಮ್ಮ ಮಾತ್ರ ಅವತ್ತು ಮಧ್ಯಾಹ್ನ ಯಾವ ಹಬ್ಬವೂ ಇಲ್ಲದೆ ಹೋಳಿಗೆ ಮಾಡಿದ್ಲು, ಕಾರಣ ಕೇಳಿದ್ರೆ ಬೇಳೆ ಹುಳ ಹಿಡೀತಿತ್ತು ಅಂದ್ಲು.

ಕೊನೇ ಫೋಟೋ ಕಪ್ಪಗಿದೆ, ಫೋನಿನ ಕ್ಯಾಮೆರಾಕ್ಕೆ ಅಷ್ಟೇ ಆಗೋದು. ಮನೆ ತಾರಸಿಯಿಂದ ದಕ್ಷಿಣಕ್ಕೆ ತಿರುಗಿ ತೆಗೆದಿದ್ದು, ಮೇ ಕೊನೆಯ ವಾರ, ಮಧ್ಯರಾತ್ರಿ. ಕೊಕ್ಕೆ ಥರ ಬಾಗಿರೋ ಚುಕ್ಕಿಗಳು ಕಾಣ್ತಿವೆಯಾ? ಚೇಳಿನ ಬಾಲ. ಆ ಬಾಲದ ತುದಿಯೇ ಮೂಲಾ. ರಾಶಿ ಲೆಕ್ಕದಲ್ಲಿ ಧನು ಅಂತಾರೆ, ಆಕಾಶದ ಚಿತ್ರದಲ್ಲಿ ಚೇಳಿನ ಕೊಂಡಿ.

ಅಕ್ಕನ್ನ ಎಬ್ಬಿಸಿ ಕರ್ಕೊಂಡು ಹೋಗಿ ತೋರಿಸಿದೆ. ಅವಳು ಅವಳ ನಕ್ಷತ್ರವನ್ನ ಅದುವರೆಗೂ ಕಣ್ಣಾರೆ ನೋಡಿರಲಿಲ್ಲ. ನಾವು ಯಾರೂ ನೋಡಿರಲಿಲ್ಲ, ಬೈದಿದ್ದು ಮಾತ್ರ. ಮೂಲಾದ ಗುರುತು ಕಟ್ಟಿದ ಬೇರಿನ ಕಂತೆ ಅಂತ ಹೇಳಿದೆ. ನವರಾತ್ರೀಲಿ ಪುಸ್ತಕ ಇಟ್ಟು ಸರಸ್ವತಿಯನ್ನ ಕರೆಯೋದು ಮೂಲಾ ನಕ್ಷತ್ರದ ದಿನವೇ, ಅವತ್ತು ಓದಬೇಡ ಅಂತ ಇಬ್ಬರೂ ಎಷ್ಟು ಖುಷಿ ಪಡ್ತಿದ್ವಿ ಅಂತ ನೆನಪಿಸಿದೆ. ಸರಸ್ವತಿಗೆ ಆಗುತ್ತೆ, ಮಾವನಿಗೆ ಆಗಲ್ವಂತೆ ಅಂದ್ಲು. ಆಮೇಲೆ ಆ ಕೊಂಡಿಯ ಪಕ್ಕ, ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ದಟ್ಟವಾಗಿ ಕಾಣೋ ಕಡೆ ಕೈ ತೋರಿಸಿದೆ. ನಮ್ಮ ಇಡೀ ಗ್ಯಾಲಕ್ಸಿಯ ನಡು ಇರೋದು ಆ ದಿಕ್ಕಲ್ಲಿ, ಸುಮಾರು 26,000 ಜ್ಯೋತಿರ್ವರ್ಷ ದೂರ. ಅಲ್ಲೊಂದು ಕಪ್ಪುರಂಧ್ರ ಇದೆ, ಸುಮಾರು 40 ಲಕ್ಷ ಸೂರ್ಯರಷ್ಟು ತೂಕದ್ದು. ಸೂರ್ಯನೂ ನಾವೂ ಎಲ್ಲ ಅದರ ಸುತ್ತಲೇ ತಿರುಗ್ತಿರೋದು.

ಅಕ್ಕ ಕತ್ತೆತ್ತಿ ಬಹಳ ಹೊತ್ತು ನೋಡಿದ್ಲು.

"ಅಷ್ಟು ದೂರದಿಂದ ಬಂದು, ಸೊರಬದಲ್ಲಿರೋ ಯಾರದೋ ಮಾವನ್ನ ಕೊಲ್ತೀನಾ ನಾನು?"

ಕೆಳಗಿನಿಂದ ಅಮ್ಮ ಕೂಗಿದ್ಲು, ಸೊಳ್ಳೆ ಕಚ್ಚುತ್ತೆ ಇಳೀರೇ ಅಂತ. ನಾವು ಇಳೀಲಿಲ್ಲ.